ಸುಟ್ಟ ಮೋಟರು, ಕಾದ ತಲೆ: ಗಂಗಾವತಿಯ ಒಂದು ವೈಂಡಿಂಗ್ ಅಂಗಡಿ

ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿ ಕಟ್ಟಿಕೊಡುವ ವೈಂಡಿಂಗ್ ಅಂಗಡಿಗೆ ಯಾರೂ ನಗುತ್ತಾ ಬರುವುದಿಲ್ಲ. ನೆಲ್ಲು ತೆನೆ ಬಿಡುವ ಹೊತ್ತಿಗೆ ಗದ್ದೆಯ ನೀರು ಆರಿರುತ್ತದೆ. ಟಂಟಂ ಬಾಡಿಗೆ ಕೊಟ್ಟು ಐವತ್ತು ಕಿಲೋ ತೂಗುವ ಮಾನೋಬ್ಲಾಕ್ (ಪಂಪು, ಮೋಟರು ಒಂದೇ ಆಗಿರುವುದು) ಹೊತ್ತು ತಂದಿರುತ್ತಾರೆ. ಹೋದ ತಿಂಗಳಷ್ಟೇ ಇದೇ ಮೋಟರಿಗೆ ದುಡ್ಡು ಎಣಿಸಿರುತ್ತಾರೆ. ಹಾಗಾಗಿ ಬಾಗಿಲಲ್ಲೇ ಶುರುವಾಗುತ್ತದೆ: "ಏನ್ ಕಟ್ಟೀರಿ ನೀವು? ಇಪ್ಪತ್ತು ದಿನಾ ಬರ್ಲಿಲ್ಲ!" ಬಹಳಷ್ಟು ಅಂಗಡಿಗಳಲ್ಲಿ ಒಳಗಿನಿಂದ ಬರುವ ಉತ್ತರವೂ ಗೊತ್ತಿರುವಂಥದ್ದೇ: "ನೀವ್ ಹೆಂಗ್ ಓಡಿಸೀರಿ, ಮೊದ್ಲು ಅದನ್ನ ಹೇಳ್ರಿ." ಮುಂದಿನ ಅರ್ಧ ಗಂಟೆ ಮೋಟರನ್ನು ಯಾರೂ ಮುಟ್ಟುವುದಿಲ್ಲ. ರೈತ ಮೇಸ್ತ್ರಿ ಕಡೆ ಬೆರಳು ಮಾಡುತ್ತಾನೆ, ಮೇಸ್ತ್ರಿ ಲೈನಿನ ಕಡೆ, ಲೈನ್‌ಮನ್ ಬಂದರೆ ಕರೆಂಟ್ ಬಂದೊಡನೆ ಮೋಟರನ್ನು ತಾನೇ ಶುರುಮಾಡುವ ರೈತನ ಆಟೋ ಸ್ವಿಚ್ ಕಡೆ.

ಗಂಗಾವತಿ ಪೇಟೆಯ ಅಂಚಿನಲ್ಲಿರುವ ಈ ಅಂಗಡಿಯ ಬೋರ್ಡಿನ ಅಕ್ಷರ ಬಿಸಿಲಿಗೆ ಅಳಿಸಿಹೋಗಿ ಬಹಳ ದಿನವಾಗಿದೆ. ಸುತ್ತಲಿನವರಿಗೆ ಅದು ಬರೀ 'ವೈಂಡಿಂಗ್ ಅಂಗಡಿ'. ಕೆಲಸ ಚೆನ್ನಾಗಿದೆಯೇ ಎಂದು ಕೇಳಿದರೆ ಪರವಾಗಿಲ್ಲ ಎನ್ನಬಹುದು, ಇದಕ್ಕಿಂತ ಅಚ್ಚುಕಟ್ಟಾಗಿ ಕಟ್ಟುವವರು ಕಾರಟಗಿಯಲ್ಲೂ ಇದ್ದಾರೆ, ಸಿಂಧನೂರಿನಲ್ಲೂ ಇದ್ದಾರೆ. ಆದರೆ ಸಿಟ್ಟಿನಿಂದ ಬಂದ ಮನುಷ್ಯನನ್ನು ಇಲ್ಲಿ ಕೂರಿಸುವ, ಕೇಳುವ, ಮಾತಾಡಿಸುವ ರೀತಿ ಬೇರೆಲ್ಲೂ ಸುಲಭಕ್ಕೆ ಸಿಗದು. ಈ ವಿಮರ್ಶೆ ಹೆಚ್ಚಾಗಿ ಅದರ ಬಗ್ಗೆ.

ಮೊದಲ ಐದು ನಿಮಿಷ ಹೀಗಿರುತ್ತದೆ. ಮೋಟರ್ ಇಳಿಯುತ್ತಿದ್ದ ಹಾಗೆ ಒಳಗೆ ಗ್ರೈಂಡರ್ ನಿಲ್ಲುತ್ತದೆ, ಕಾಯಿಲ್ ಸುತ್ತುವ ಯಂತ್ರವೂ ನಿಲ್ಲುತ್ತದೆ. ಚಿಕ್ಕ ವಿಷಯ ಅನ್ನಿಸಬಹುದು. ಸದ್ದಿನ ನಡುವೆ ಮಾತಾಡುವವನು ದನಿ ಏರಿಸಲೇಬೇಕು, ದನಿ ಏರಿದರೆ ಸಿಟ್ಟು ತಾನಾಗಿ ಏರುತ್ತದೆ. ಬಂದವರಿಗೆ ಗಡಿಗೆ ನೀರು. "ಕುಂದರ್ರಿ" ಎಂದರೆ ಒಂದೇ ಮಾತು, ಅದರ ಮೇಲೆ "ಸಮಾಧಾನ ಮಾಡ್ಕೋರಿ" ಎಂಬ ಉಪದೇಶ ಇಲ್ಲ. ಸಿಟ್ಟಿನವನಿಗೆ ಸಮಾಧಾನ ಮಾಡಿಕೋ ಎಂದರೆ ಅವನ ಕಿವಿಗೆ ಬೀಳುವುದು 'ನಿನ್ನ ಸಿಟ್ಟಿಗೆ ಅರ್ಥವಿಲ್ಲ' ಎಂದು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿಂದ ಬಂದವರಿಗೆ ತೆಲುಗಿನಲ್ಲಿ, ಪೇಟೆಯ ಸಾಹೇಬರಿಗೆ ಉರ್ದುವಿನಲ್ಲಿ ಮಾತು. ಸಿಟ್ಟು ಬಂದಾಗ ಮನೆಮಾತಿನಲ್ಲೇ ಬರುತ್ತದೆ, ಅದೇ ಭಾಷೆಯಲ್ಲಿ ಕೇಳಿಸಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಆಮೇಲೆ ಮಾಲೀಕರು ಸುಮ್ಮನಿರುತ್ತಾರೆ. ಮೂರು ನಿಮಿಷ, ಕೆಲವೊಮ್ಮೆ ನಾಲ್ಕು. ನಡುವೆ ಬಾಯಿ ಹಾಕುವುದಿಲ್ಲ, ತಪ್ಪು ಲೆಕ್ಕ ಹೇಳಿದರೂ ತಿದ್ದುವುದಿಲ್ಲ. ಮಾತು ನಿಂತ ಮೇಲೆ ಕೇಳಿದ್ದನ್ನೇ ಅಂಕಿ ಸಮೇತ ತಿರುಗಿ ಹೇಳುತ್ತಾರೆ: "ಹದಿನೆಂಟು ದಿನಕ್ಕ ಮತ್ತ ಸುಟ್ಟೈತಿ. ನಾಲ್ಕು ಎಕರೆ ನೆಲ್ಲು, ನೀರು ನಿಂತು ಎರಡು ದಿನ ಆಗೈತಿ. ಹೌದಲ್ರಿ?" 'ಹೌದು' ಎಂಬ ಮೊದಲ ಉತ್ತರ ಬರುವುದು ಇಲ್ಲಿ. ಬಯ್ಯಲು ಬಂದವನು ಒಮ್ಮೆ ಹೌದು ಎಂದ ಮೇಲೆ ಅದೇ ದನಿಯಲ್ಲಿ ಬಯ್ಯುವುದು ಕಷ್ಟ.

ಇಲ್ಲಿ ಕೇಳುವ ಪ್ರಶ್ನೆಗಳಲ್ಲಿ 'ಯಾಕೆ' ಇರುವುದಿಲ್ಲ. "ಯಾಕ್ ಸುಟ್ಟಿತು?" ಎಂದರೆ ರೈತನಿಗೆ ಅದು ಜವಾಬು ಕೇಳಿದ ಹಾಗೆ. ಬದಲಿಗೆ ಯಾವಾಗ, ಎಷ್ಟು, ಏನು: "ಯಾವಾಗ ನಿಂತಿತ್ರಿ, ಹಗಲು ಕರೆಂಟೋ ರಾತ್ರಿ ಕರೆಂಟೋ?" "ನಿಲ್ಲೋಕಿಂತ ಮೊದ್ಲು ಗುಂಯ್ ಅಂತಿತ್ತೇನ್ರಿ?" "ನೀರು ಕಮ್ಮಿ ಬರ್ತಿತ್ತಾ, ಇದ್ದಕ್ಕಿದ್ದಂಗ ನಿಂತಿತಾ?" ಈ ಪ್ರಶ್ನೆಗಳು ವಿನಯಕ್ಕಷ್ಟೇ ಕೇಳಿದವಲ್ಲ, ಒಂದೊಂದಕ್ಕೂ ಕೆಲಸವಿದೆ. ಗುಂಯ್‌ಗುಟ್ಟಿ ನಿಂತಿದ್ದರೆ ಮೂರು ಫೇಸಿನಲ್ಲಿ (ಕರೆಂಟು ತರುವ ಮೂರು ತಂತಿಗಳಲ್ಲಿ) ಒಂದು ತಪ್ಪಿ, ಎರಡೇ ಫೇಸ್ ಮೇಲೆ ನಿಂತಿರಬಹುದು. ನೀರು ದಿನದಿಂದ ದಿನಕ್ಕೆ ಕಮ್ಮಿಯಾಗುತ್ತಾ ಬಂದಿದ್ದರೆ ಬೇರಿಂಗು, ನೀರು ತಳ್ಳುವ ಇಂಪೆಲ್ಲರು ನೋಡಬೇಕು.

ನಮ್ಮ ಭಾಗದ ಮಾತಿನಲ್ಲಿ ಬೈಗುಳ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ ಎಂಬುದು ಈ ಅಂಗಡಿಯಲ್ಲಿ ಒಂದು ಗಂಟೆ ಕೂತರೆ ತಿಳಿಯುತ್ತದೆ. ರಿಲೇ ಎಂದರೆ ಇಟ್ಟ ಆಂಪಿಯರಿಗಿಂತ ಹೆಚ್ಚು ಕರೆಂಟು ಹರಿದರೆ ಟ್ರಿಪ್ ಆಗಿ ಮೋಟರ್ ನಿಲ್ಲಿಸುವ ಕಾವಲು. "ರಿಲೇ ಬೈಪಾಸ್ ಮಾಡೀರಿ" ಎಂದರೆ ಜಗಳ. "ರಿಲೇ ಬೈಪಾಸ್ ಆಗೈತಿ" ಎಂದರೆ ಸುದ್ದಿ. "14ಕ್ಕ ಇಟ್ಟೀರಿ" ಎಂಬುದಕ್ಕೂ "14ಕ್ಕ ಐತಿ, ಈ ಮೋಟ್ರಿಗೆ ಏಳೂವರಿ ಬೇಕು" ಎಂಬುದಕ್ಕೂ ಸಂಗತಿಯಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲ, ಎದುರಿನವನ ಮುಖದಲ್ಲಿ ಬೇಕಾದಷ್ಟಿದೆ. ಎರಡನೆಯದನ್ನು ಕೇಳಿದ ರೈತ ಹೆಚ್ಚಾಗಿ ತಾನೇ ಬಾಯಿ ಬಿಡುತ್ತಾನೆ: "ಪದೇ ಪದೇ ಟ್ರಿಪ್ ಆಕ್ಕಿತ್ತು ಅಂತ ನಮ್ಮ ಹುಡುಗ ತಿರುವ್ಯಾನ್ರಿ." ಈ ಒಂದು ಸಾಲು ಸಿಗದೆ ಮೋಟರ್ ಎಷ್ಟು ಚೆನ್ನಾಗಿ ಕಟ್ಟಿದರೂ ಮತ್ತೆ ಸುಡುತ್ತದೆ, ಯಾಕೆಂದರೆ ರಿಲೇ ಟ್ರಿಪ್ ಆಗುತ್ತಿದ್ದುದಕ್ಕೆ ಬೇರೆ ಕಾರಣ ಇನ್ನೂ ಹೊಲದಲ್ಲೇ ಕೂತಿದೆ. ಆಪಾದನೆ ಹೊರಿಸಿದ್ದರೆ ಆ ಮಾಹಿತಿ ಹೊರಗೆ ಬರುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಸಿಹಿ ಮಾತಿನ ವ್ಯಾಪಾರ ಎಂದು ಬಿಡಬಹುದಿತ್ತು. ಸಿಹಿ ಮಾತಿನ ಅಂಗಡಿಗಳಿಗೆ ಗಂಗಾವತಿಯಲ್ಲಿ ಕೊರತೆಯಿಲ್ಲ. ಇಲ್ಲಿ ಮಾತಿನ ಹಿಂದೆ ಒಂದು ವಸ್ತು ಇದೆ: ಸುಟ್ಟ ಸ್ಟೇಟರ್, ಅಂದರೆ ತಾಮ್ರದ ಕಾಯಿಲ್ ಕೂರಿಸಿದ, ಮೋಟರಿನ ತಿರುಗದ ಭಾಗ. ಅದನ್ನು ರೈತನ ಎದುರಿಗೇ ಬಿಚ್ಚುತ್ತಾರೆ. 'ಬಿಟ್ಟು ಹೋಗ್ರಿ, ನೋಡಿ ಫೋನ್ ಮಾಡ್ತೀವಿ' ಎಂಬ ಪದ್ಧತಿ ಇಲ್ಲ. ಕೌಂಟರಿನ ಆಚೆ ಈಚೆ ನಿಲ್ಲುವುದೂ ಇಲ್ಲ, ಕೆಲಸದ ಮೇಜಿನ ಒಂದೇ ಬದಿಯಲ್ಲಿ ಬೆಂಚು, ಅದರ ಮೇಲೆ ಇಬ್ಬರೂ. ಇಬ್ಬರ ಕಣ್ಣೂ ಕಾಯಿಲ್ ಮೇಲೆ, ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರಬೇಕಿಲ್ಲ.

ಬಿಚ್ಚಿದ ಮೇಲೆ ಕಾಣುವುದನ್ನು ಓದುವುದು ಹೀಗೆ. ಹೊಲದ 5 ಎಚ್‌ಪಿ ಮಾನೋಬ್ಲಾಕ್‌ಗಳು ಹೆಚ್ಚಾಗಿ 2 ಪೋಲ್, ಅಂದರೆ 2,880 ಆರ್‌ಪಿಎಂ ಆಸುಪಾಸು. ಇಂಥ ಮೋಟರಿನಲ್ಲಿ ಕಾಯಿಲಿನ ಗುಂಪು ಆರು, ಫೇಸಿಗೆ ಎರಡು, ಎದುರು ಬದುರು. ಹಿಂದಿನ ಮುಚ್ಚಳ ತೆಗೆದರೆ ಸ್ಟೇಟರಿನಿಂದ ಹೊರಚಾಚಿದ ಸುರುಳಿ ದುಂಡಗೆ ಕಾಣುತ್ತದೆ. ಸ್ಟಾರ್ ಜೋಡಣೆಯ (ಮೂರೂ ಸುರುಳಿಗಳ ಒಂದೊಂದು ತುದಿ ಒಂದೇ ಕಡೆ ಕೂಡಿದ) ಮೋಟರ್ ಒಂದು ಫೇಸ್ ಕಳೆದುಕೊಂಡು ಓಡಿದ್ದರೆ ನಾಲ್ಕು ಗುಂಪು ಇದ್ದಲಿನಂತೆ ಕಪ್ಪು, ಎದುರು ಬದುರಿನ ಎರಡು ಗುಂಪು ನಿನ್ನೆ ಕಟ್ಟಿದ ಹಾಗೆ ಜೇನುಬಣ್ಣ. ಸುರುಳಿಗಳು ತ್ರಿಕೋನದಂತೆ ಕೂಡಿದ ಡೆಲ್ಟಾ ಆಗಿದ್ದರೆ ಇದು ತಿರುಗಾಮುರುಗಾ: ಎರಡು ಕಪ್ಪು, ನಾಲ್ಕು ಹೊಸತು. ಸಾಮಾನ್ಯವಾಗಿ 3 ಎಚ್‌ಪಿವರೆಗೆ ಸ್ಟಾರ್, ಅದಕ್ಕಿಂತ ದೊಡ್ಡವು ಡೆಲ್ಟಾ, ಆದರೂ ನೇಮ್ ಪ್ಲೇಟ್ ಓದಿಯೇ ಹೇಳಬೇಕು. ಆರೂ ಗುಂಪು ಒಂದೇ ಸಮ ಕಂದಿದ್ದರೆ ಕಥೆ ಬೇರೆ. ಹೆಚ್ಚು ಭಾರ, ಕಮ್ಮಿ ವೋಲ್ಟೇಜ್, ಗಾಳಿಯಾಡದ ಜಾಗ, ಇಲ್ಲವೇ ಮೇಲಿಂದ ಮೇಲೆ ಸ್ಟಾರ್ಟ್. ಒಂದೇ ಕಾಯಿಲಿನಲ್ಲಿ ಒಂದು ಚುಕ್ಕೆ ಸುಟ್ಟು ಉಳಿದದ್ದೆಲ್ಲ ಹೊಸದಾಗಿದ್ದರೆ ಸುತ್ತಿನಿಂದ ಸುತ್ತಿಗೆ ಶಾರ್ಟ್. ಕಾಯಿಲ್ ಕೂರುವ ಸ್ಲಾಟಿನ ಬಾಯಲ್ಲಿ ಸುಟ್ಟು ಕಬ್ಬಿಣಕ್ಕೆ ತಾಗಿದ್ದರೆ ಸ್ಲಾಟ್ ಪೇಪರ್ ಹರಿದಿದೆ. ಸ್ಟೇಟರಿನ ಒಳಗೋಡೆ ಒಂದು ಬದಿ ಉಜ್ಜಿ ಹೊಳೆಯುತ್ತಿದ್ದರೆ ಬೇರಿಂಗ್ ಸವೆದು ಒಳಗೆ ತಿರುಗುವ ರೋಟರ್ ತಾಗಿದೆ.

ಈ ನಮೂನೆಗಳನ್ನೆಲ್ಲ ಅಂಗಡಿಯ ಗೋಡೆ ಮೇಲೆ ಕೆಂಪು, ಕಪ್ಪು ಬಣ್ಣದ ಚಕ್ರಗಳಾಗಿ ಬರೆದಿದ್ದಾರೆ, ಕೆಳಗೆ ಕನ್ನಡದಲ್ಲಿ ಎರಡೆರಡು ಶಬ್ದ. ಚಿತ್ರಕಾರನ ಕೈಯಲ್ಲ, ಚಕ್ರಗಳು ಸೊಟ್ಟಗಿವೆ. ಆದರೆ ರೈತ ಮೊದಲು ಸ್ಟೇಟರ್ ನೋಡಿ, ಆಮೇಲೆ ಗೋಡೆ ನೋಡಿ, "ಇದು ಇದರಂಗ ಐತಲ್ಲ" ಎಂದು ತಾನೇ ಬೆರಳಿಡುತ್ತಾನೆ. ಮೇಸ್ತ್ರಿ ಬಾಯಿಂದ ಬಂದಿದ್ದರೆ ಅದು ಜಾರಿಕೊಳ್ಳುವ ಮಾತಾಗುತ್ತಿತ್ತು.

ಇಲ್ಲಿಂದ ಮುಂದಿನ ಹೆಜ್ಜೆ ಸೂಕ್ಷ್ಮ. ಸುಟ್ಟ ನಮೂನೆ ಹೇಗೆ ಸುಟ್ಟಿತು ಎಂದು ಹೇಳುತ್ತದೆಯೇ ಹೊರತು ಯಾರಿಂದ ಎಂದು ಹೇಳುವುದಿಲ್ಲ. ಒಂದು ಫೇಸ್ ತಪ್ಪುವುದು ಟ್ರಾನ್ಸ್‌ಫಾರ್ಮರ್ ಫ್ಯೂಸಿನಿಂದ ಇರಬಹುದು, ಸ್ಟಾರ್ಟರಿನೊಳಗೆ ಸುಟ್ಟ ಕಾಂಟ್ಯಾಕ್ಟಿನಿಂದ ಇರಬಹುದು, ಕೇಬಲ್ ಜಾಯಿಂಟು ಸಡಿಲಾಗಿಯೂ ಇರಬಹುದು. "ಎರಡ ಫೇಸ್ ಮ್ಯಾಲೆ ಓಡೈತಿ" ಎಂಬುದು ಕಣ್ಣಿಗೆ ಕಾಣುವ ಸತ್ಯ. "ಲೈನಿನವ್ರು ಹಿಂಗ ಮಾಡ್ಯಾರ" ಎಂಬುದು ಊಹೆ. ರೈತನನ್ನು ಒಲಿಸಿಕೊಳ್ಳಲು ಸಿಟ್ಟನ್ನು ಲೈನ್‌ಮನ್ ಕಡೆ ತಿರುಗಿಸಿಬಿಡುವುದು ವೈಂಡಿಂಗ್ ಅಂಗಡಿಗಳ ಹಳೇ ಚಾಳಿ. ಆ ಕ್ಷಣಕ್ಕೆ ಅಂಗಡಿ ತಣ್ಣಗಾಗುತ್ತದೆ, ಸಂಜೆಗೆ ಜಗಳ ಊರಿನ ಟ್ರಾನ್ಸ್‌ಫಾರ್ಮರ್ ಕಂಬದ ಕೆಳಗೆ ಹೊತ್ತಿಕೊಳ್ಳುತ್ತದೆ. ಈ ಅಂಗಡಿಯವರು ಅಲ್ಲಿಗೆ ನಿಲ್ಲಿಸಿ, "ಸ್ಟಾರ್ಟರ್ ತರ್ರಿ, ಬಿಚ್ಚಿ ನೋಡೋಣು" ಎನ್ನುತ್ತಾರೆ. ಸ್ಟಾರ್ಟರಿನ ಮೂರೂ ಕಾಂಟ್ಯಾಕ್ಟು ನೆಟ್ಟಗಿದ್ದರೆ ಆಮೇಲೆ ಕೇಬಲ್, ಆಮೇಲೆ ಲೈನ್. ಲೈನಿಗೆ ಹೋಗಬೇಕಾದರೆ ವಿದ್ಯುತ್ ಕಂಪನಿ ಜೆಸ್ಕಾಂಗೆ 1912 ನಂಬರಿನಲ್ಲಿ ದೂರು ಹೇಳುವ ಬಗೆಯನ್ನೂ ಬರೆದುಕೊಡುತ್ತಾರೆ: ಟ್ರಾನ್ಸ್‌ಫಾರ್ಮರ್ ಯಾವುದು, ಎಷ್ಟು ಗಂಟೆಗೆ, ಯಾವ ಫೇಸಿನಲ್ಲಿ ಎಷ್ಟು ವೋಲ್ಟೇಜು. 'ನಿಮ್ಮವರು ಬರೋದೇ ಇಲ್ಲ' ಎಂದು ಶುರುಮಾಡಿದ ದೂರಿಗಿಂತ ಈ ಮೂರು ಅಂಕಿ ಇರುವ ದೂರಿಗೆ ಬೇಗ ಉತ್ತರ ಕೊಡಬೇಕಾಗುತ್ತದೆ.

ಆದರೂ ಒಂದು ಮಾತು. ಎಷ್ಟು ತಣ್ಣಗೆ ಮಾತಾಡಿದರೂ ರೈತನ ಗದ್ದೆ ಒಣಗುತ್ತಲೇ ಇರುತ್ತದೆ. ಸಿಟ್ಟಿನ ಬೇರು ಮೋಟರಿನಲ್ಲಿಲ್ಲ, ನೀರಿನಲ್ಲಿದೆ. ಈ ಅಂಗಡಿಯವರು ಅದನ್ನು ಬಲ್ಲವರು. ಕಾಯಿಲ್ ವಿಚಾರ ಮುಗಿಯುವ ಮುಂಚೆಯೇ ಕೇಳುವ ಪ್ರಶ್ನೆ: "ನೀರಿಗೆ ಏನು ಮಾಡ್ತೀರಿ ಎರಡು ದಿನ?" ಬದಲಿ ಕೊಡಲು ಎರಡು 5 ಎಚ್‌ಪಿ ಮಾನೋಬ್ಲಾಕ್ ಇಟ್ಟಿದ್ದಾರೆ. ದಿನದ ಬಾಡಿಗೆ, ಜೊತೆಗೆ ಸ್ವಲ್ಪ ಡಿಪಾಸಿಟ್. ಸಕ್ಷನ್, ಡೆಲಿವರಿ ಪೈಪಿನ ಅಳತೆ, ಬೋಲ್ಟ್ ತೂತಿನ ಅಂತರ ಹೊಂದಬೇಕು, ಇಲ್ಲವಾದರೆ ಹೊಲಕ್ಕೆ ಒಯ್ದು ವಾಪಸ್ ತರುವ ಕೆಲಸ, ಅದು ಎರಡನೇ ಜಗಳ. ಆದ್ದರಿಂದ ಬರುವಾಗಲೇ ಫ್ಲಾಂಜಿನ ಫೋಟೋ ಫೋನಿನಲ್ಲಿ ತಂದರೆ ಒಳ್ಳೆಯದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಂಥ ಹೊತ್ತಿನಲ್ಲಿ, ಕಾಲುವೆ ನೀರಿನ ಭರವಸೆಯೇ ಅಲುಗಾಡುವಾಗ, ಹಳ್ಳಕ್ಕೋ ಹೊಳೆಗೋ ಇಟ್ಟ ಮೋಟರೊಂದೇ ಗತಿಯಾದವನಿಗೆ ಈ ಎರಡು ಬದಲಿ ಮೋಟರುಗಳ ಬೆಲೆ ಗೊತ್ತು. ಸಬ್‌ಮರ್ಸಿಬಲ್‌ಗೆ ಮಾತ್ರ ಬದಲಿ ಇಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್‌ನವರು ಇದನ್ನು ನೆನಪಿಡಬೇಕು.

ವಾಯಿದೆ ಹೇಳುವುದರಲ್ಲೂ ಇವರು ಬೇರೆಯವರಂತಲ್ಲ. 'ನಾಳೆ ಬರ್ರಿ' ಎಂಬ ಎರಡು ಶಬ್ದ ನಮ್ಮ ಕಡೆ ಹುಟ್ಟಿಸಿದಷ್ಟು ಜಗಳ ಮತ್ತಾವುದೂ ಹುಟ್ಟಿಸಿಲ್ಲ. ಹಳೇ ಕಾಯಿಲ್ ಕತ್ತರಿಸುವ ಮೊದಲು ಸ್ಲಾಟ್, ಪಿಚ್, ಸುತ್ತು, ತಂತಿಯ ಗೇಜು ಬರೆದುಕೊಳ್ಳಬೇಕು. ಕಿತ್ತು ಸ್ಲಾಟ್ ಉಜ್ಜಿ, ಪೇಪರ್ ಹಾಕಿ, ಕಾಯಿಲ್ ಕೂರಿಸಿ, ಜೋಡಿಸಿ, ದಾರ ಕಟ್ಟಿ, ವಾರ್ನಿಷ್ ಕುಡಿಸಿ, ಒಣಗಿಸಬೇಕು. ಎರಡು ದಿನ ಬೇಕೇ ಬೇಕು. ಮಳೆಗಾಲದಲ್ಲಿ ವಾರ್ನಿಷ್ ಒಳಗೆ ಹಸಿ ಉಳಿದರೆ ಮೋಟರ್ ಹತ್ತು ದಿನಕ್ಕೆ ವಾಪಸ್ಸು. ಹಾಗಾಗಿ "ನಾಡಿದ್ದು ಸಂಜಿ ನಾಲ್ಕಕ್ಕ" ಎಂದು ಗಂಟೆ ಸಮೇತ ಚೀಟಿಯಲ್ಲಿ ಬರೆಯುತ್ತಾರೆ. ತಡವಾಗುವಂತಿದ್ದರೆ ಗಿರಾಕಿ ಫೋನ್ ಮಾಡುವ ಮೊದಲೇ ಮಾಲೀಕರ ಫೋನ್ ಹೋಗುತ್ತದೆ. ಮುಂಚೆ ತಿಳಿಸಿದ ತಡವನ್ನು ಜನ ಸಹಿಸುತ್ತಾರೆ, ಬಂದು ನಿಂತ ಮೇಲೆ ಹೇಳಿದ ತಡವನ್ನು ಸಹಿಸುವುದಿಲ್ಲ.

ತಾಮ್ರದ ವಿಷಯ. ಕಿತ್ತು ತೆಗೆದ ಹಳೇ ತಾಮ್ರ ಯಾರದ್ದು ಎಂಬುದು ವೈಂಡಿಂಗ್ ವ್ಯವಹಾರದ ಬಾಯಿಬಿಟ್ಟು ಹೇಳದ ಗಾಯ. ಗಿರಾಕಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾನೆ, ಕೇಳಿದರೆ ಸಣ್ಣವನಾಗುತ್ತೇನೆ ಎಂದು ಕೇಳುವುದಿಲ್ಲ, ಆ ಅನುಮಾನ ಬೇರೆ ಯಾವುದೋ ಮಾತಿನಲ್ಲಿ ಸ್ಫೋಟಿಸುತ್ತದೆ. ಇಲ್ಲಿ ತಕ್ಕಡಿ ಬಾಗಿಲಲ್ಲೇ ಇದೆ. ಹಳೇ ತಾಮ್ರ ತೂಗಿ, ತೂಕ ಬರೆದು, "ಒಯ್ತೀರೋ, ಬಿಲ್ಲಿನಾಗ ಕಳೀಲೋ?" ಎಂದು ಕೇಳುತ್ತಾರೆ. ಹೊಸ ತಂತಿಯನ್ನೂ ಹಾಕುವ ಮೊದಲು ತೂಗುತ್ತಾರೆ, ಗೇಜನ್ನು ಮೈಕ್ರೋಮೀಟರಿನಲ್ಲಿ ತೋರಿಸುತ್ತಾರೆ. ತಂತಿ ಒಂದು ಗೇಜು ತೆಳುವಾದರೂ ಮೋಟರ್ ಹೆಚ್ಚು ಬಿಸಿಯಾಗುತ್ತದೆ. ಬಿಸಿ 10 ಡಿಗ್ರಿ ಹೆಚ್ಚಿದರೆ ಇನ್ಸುಲೇಷನ್ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಹಳೇ ಲೆಕ್ಕ. ದರವನ್ನು ಇಲ್ಲಿ ಬರೆಯುತ್ತಿಲ್ಲ, ತಾಮ್ರದ ರೇಟು ಏರಿಳಿದ ಹಾಗೆ ಬಿಲ್ಲೂ ಏರಿಳಿಯುತ್ತದೆ. ತಾಮ್ರಕ್ಕೆ ಇಷ್ಟು, ಮಜೂರಿಗೆ ಇಷ್ಟು, ಬೇರಿಂಗಿಗೆ ಇಷ್ಟು ಎಂದು ಬಿಡಿಸಿ ಬರೆಯುತ್ತಾರೆ, ಅಷ್ಟು ಸಾಕು.

ಕೊಡುವಾಗ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಚ್ಚಿ ತೋರಿಸುತ್ತಾರೆ. 1 ಮೆಗಾಓಮ್‌ಗಿಂತ ಕಮ್ಮಿ ಬಂದರೆ ಕೊಡುವಂತಿಲ್ಲ, ಚೆನ್ನಾಗಿ ಒಣಗಿದ ಹೊಸ ವೈಂಡಿಂಗ್ ಅದಕ್ಕಿಂತ ಎಷ್ಟೋ ಪಟ್ಟು ತೋರಿಸಬೇಕು. ಆಮೇಲೆ ಖಾಲಿ ಓಡಿಸಿ ಟಾಂಗ್ ಟೆಸ್ಟರಿನಿಂದ ಮೂರೂ ಫೇಸಿನ ಆಂಪಿಯರ್ ನೋಡಿ ಚೀಟಿಯಲ್ಲಿ ಬರೆಯುತ್ತಾರೆ. ಮೂರು ಅಂಕಿ ಹೆಚ್ಚುಕಮ್ಮಿ ಒಂದೇ ಇರಬೇಕು. ಮುಂದೆ ತಕರಾರು ಬಂದರೆ 'ಕೊಡುವಾಗಲೇ ಹಿಂಗಿತ್ತು', 'ಇಲ್ಲ ಹಂಗಿತ್ತು' ಎಂಬ ವಾದಕ್ಕೆ ಜಾಗವಿಲ್ಲ, ಚೀಟಿ ಇದೆ. ಗ್ಯಾರಂಟಿ ಮೂರು ತಿಂಗಳು, ಫೇಸ್ ತಪ್ಪಿ ಸುಟ್ಟರೆ ಅನ್ವಯಿಸದು ಎಂಬುದನ್ನು ಮೋಟರ್ ಒಳಗೆ ತೆಗೆದುಕೊಳ್ಳುವಾಗಲೇ ಹೇಳುತ್ತಾರೆ. ಅದೇ ಮಾತನ್ನು ಸುಟ್ಟ ಮೇಲೆ ಹೇಳಿದರೆ ಮೋಸದಂತೆ ಕೇಳುತ್ತದೆ.

ತಪ್ಪು ತಮ್ಮದೇ ಇದ್ದಾಗ ಏನು ಮಾಡುತ್ತಾರೆ? ಇದೇ ನಿಜವಾದ ಪರೀಕ್ಷೆ. 'ಆಗೈತಿ' ಎಂಬ ಕ್ರಿಯಾಪದ ಗಿರಾಕಿಯ ಮಾನ ಉಳಿಸುವ ಹಾಗೆಯೇ ಅಂಗಡಿಯವನ ತಪ್ಪನ್ನೂ ಮುಚ್ಚಬಲ್ಲದು. "ಪೇಪರ್ ಹರದೈತಿ" ಎಂದು ತಣ್ಣಗೆ ಹೇಳಿ ಸುಮ್ಮನಾದರೆ ಹರಿದದ್ದು ಗಾಳಿಗೋ ಎಂದು ಯಾರಾದರೂ ಕೇಳುತ್ತಾರೆ. ಇಲ್ಲಿ ಬಾಲ ಬದಲಾಗುತ್ತದೆ: "ಪೇಪರ್ ಹಾಕೋವಾಗ ನಾವು ಹರದೀವಿ. ದುಡ್ಡು ಬ್ಯಾಡ. ಬದಲಿ ಮೋಟ್ರಿಗೂ ಬಾಡಿಗಿ ಬ್ಯಾಡ." ಇಷ್ಟೇ, ಇದರ ಹಿಂದೆ 'ಆದ್ರ', 'ಆದ್ರೂ' ಬರುವುದಿಲ್ಲ. ತನ್ನ ತಪ್ಪಿಗೆ ಕರ್ತೃ ಬೇಕು, ಎದುರಿನವನ ತಪ್ಪಿಗೆ ಕರ್ತೃ ಬೇಡ. ಈ ಅಂಗಡಿಯ ವ್ಯಾಕರಣ ಇದು, ಕೆಲಸಕ್ಕೆ ಬರುತ್ತದೆ.

ಮೂರ್ನಾಲ್ಕು ಜನ ಕೂಡಿ ಬಂದಾಗ ಮೋಟರಿನ ಯಜಮಾನನೊಬ್ಬನನ್ನೇ ಒಳಗೆ ಕರೆಯುತ್ತಾರೆ, ಉಳಿದವರಿಗೆ ಹೊರಗೆ ಚಾ. ಜೊತೆಗಾರರ ಎದುರು ತಗ್ಗುವುದು ಯಾವ ಗಂಡಸಿಗೂ ಕಷ್ಟ. ಇನ್ನೊಂದು ಒಳ್ಳೆಯ ರೂಢಿ, ಉದ್ರಿ ಪುಸ್ತಕವನ್ನು ಇಂಥ ಹೊತ್ತಿನಲ್ಲಿ ತೆಗೆಯದಿರುವುದು. ಹಳೇ ಬಾಕಿ ಇರುವವನು ಅರ್ಧ ಸಿಟ್ಟನ್ನು ಆ ನಾಚಿಕೆಯಿಂದಲೇ ಹೊತ್ತು ತಂದಿರುತ್ತಾನೆ. "ಅದಿರ್ಲಿ, ಹೋದ ಸಲದ್ದು..." ಎಂದರೆ ಮುಗಿಯಿತು. ಬಾಕಿ ಮಾತು ನೆಲ್ಲು ಮಾರಿದ ಮೇಲೆ, ಬೇರೆ ದಿನ. ಕುಡಿದು ಬಂದವರ ಜೊತೆ ಮಾತ್ರ ಈ ಯಾವುದೂ ನಡೆಯದು, ಅಂಗಡಿಯವರೂ ಯತ್ನಿಸುವುದಿಲ್ಲ. ಮೋಟರ್ ಇಳಿಸಿಕೊಂಡು ಚೀಟಿ ಕೊಟ್ಟು ನಾಳೆ ಬೆಳಿಗ್ಗೆ ಬರಲು ಹೇಳುತ್ತಾರೆ. ಕೈ ಎತ್ತುವ ಹಂತಕ್ಕೆ ಬಂದರೆ ಮಾತು ನಿಲ್ಲಿಸಿ ಹಿಂದೆ ಸರಿಯುವುದೇ ಸರಿ.

ಇನ್ನು ಕೊರತೆಗಳು, ಮತ್ತು ಅವು ಸಣ್ಣವಲ್ಲ.

ಮೊದಲನೆಯದು, ಗಿರಾಕಿಗೆ ಜೇನು ಸುರಿಸುವ ಅದೇ ಬಾಯಿ ಕೆಲಸದ ಹುಡುಗರಿಗೆ ಬೆಂಕಿ. "ಕಣ್ಣು ಎಲ್ಲಿಟ್ಟಿದ್ದೀಲೇ?" ಎಂದು ಗಿರಾಕಿಗಳ ಎದುರೇ. ಬೈಯದ ಮಾತು ಮೇಜಿನ ಹೊರಬದಿಗಷ್ಟೇ ಮೀಸಲು ಎಂಬಂತೆ. ಇದರ ಫಲ ಮೋಟರಿನ ಒಳಗೇ ಸಿಗುತ್ತದೆ: ಬೈಗುಳಕ್ಕೆ ಹೆದರಿದ ಹುಡುಗ ಕಾಯಿಲ್ ಕೂರಿಸುವಾಗ ಸ್ಲಾಟ್ ಪೇಪರ್ ಹರಿದರೆ ಹೇಳುವುದಿಲ್ಲ, ಮೇಲೊಂದು ತುಂಡು ತೂರಿಸಿ ವಾರ್ನಿಷ್ ಹಚ್ಚಿಬಿಡುತ್ತಾನೆ. ಮೆಗ್ಗರ್ ಆ ದಿನ ಸರಿ ತೋರಿಸುತ್ತದೆ. ಹೊಲದಲ್ಲಿ ಒಂದು ತಿಂಗಳು ನಡುಗಿದ ಮೇಲೆ ಅದೇ ಜಾಗ ಸುಡುತ್ತದೆ. ಉಚಿತವಾಗಿ ಮತ್ತೆ ಕಟ್ಟಿಕೊಡುವ ಮೋಟರುಗಳ ಮೂಲ ಇಲ್ಲೇ ಇದೆ ಎಂದು ಮಾಲೀಕರಿಗೆ ಯಾರಾದರೂ ಹೇಳಬೇಕು, ಅವರದೇ ಶೈಲಿಯಲ್ಲಿ.

ಎರಡನೆಯದು, ಮೆತ್ತಗಾಗುವ ಭರದಲ್ಲಿ ಹೇಳಬೇಕಾದ್ದನ್ನೂ ನುಂಗುತ್ತಾರೆ. ರಾತ್ರಿ ಸಿಂಗಲ್ ಫೇಸ್ ಬಂದಾಗ ಕಂಡೆನ್ಸರ್ ಹಾಕಿ ಮೂರು ಫೇಸಿನ ಮೋಟರ್ ಓಡಿಸುವ ರೂಢಿ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಹಾಗೆ ಪೂರಾ ಭಾರ ಹೊತ್ತು ಓಡಿದ ಮೋಟರಿನ ಮೂರು ಸುರುಳಿಗಳಲ್ಲಿ ಕರೆಂಟು ಸಮ ಹರಿಯುವುದಿಲ್ಲ, ಒಂದು ಬೇಯುತ್ತದೆ. ಕಾಯಿಲ್ ನೋಡಿ ಅನುಮಾನ ಬಂದರೂ ಮಾಲೀಕರು "ಸ್ವಲ್ಪ ನೋಡ್ಕೊಂಡು ಓಡಿಸ್ರಿ" ಎಂದು ದಾಟಿಸುತ್ತಾರೆ. ನೋಡಿಕೊಂಡು ಎಂದರೆ ಏನನ್ನು ನೋಡಿಕೊಂಡು? ಯಾರನ್ನೂ ದೂರದೆ ನೆಟ್ಟಗೆ ಹೇಳಲು ಬರುತ್ತದೆ: "ರಾತ್ರಿ ಕಂಡೆನ್ಸರ್ ಮ್ಯಾಲೆ ಓಡಿದ್ರ ಈ ಮೋಟ್ರು ಮತ್ತ ಸುಡತೈತಿ. ರಾತ್ರಿ ನೀರು ಬೇಕೇ ಬೇಕು ಅಂದ್ರ ಈಗ ಹೇಳ್ರಿ, ಬ್ಯಾರೆ ಸಣ್ಣ ಸಿಂಗಲ್ ಫೇಸ್ ಪಂಪಿನ ಲೆಕ್ಕ ಹಾಕೋಣು." ಆಪಾದನೆಯೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ. ಆಟೋ ಸ್ವಿಚ್ ವಿಷಯದಲ್ಲೂ ಹಾಗೇ. ಕರೆಂಟ್ ಬಂದ ಕೂಡಲೇ ಒಂದು ಟ್ರಾನ್ಸ್‌ಫಾರ್ಮರಿನ ಮೋಟರುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜು ಕುಸಿಯುತ್ತದೆ, ಎಲ್ಲರ ಮೋಟರೂ ಬಿಸಿ. ಒಬ್ಬೊಬ್ಬರು ಎರಡೆರಡು ನಿಮಿಷ ಬಿಟ್ಟು ಟೈಮರ್ ಇಟ್ಟುಕೊಳ್ಳಿ ಎಂದು ಹೇಳಲು ಸಂಕೋಚವೇಕೆ?

ಮೂರನೆಯದು, ಹಳೇ ಕಾಯಿಲ್ ಕೀಳಲು ಸ್ಟೇಟರನ್ನು ಹಿತ್ತಲಲ್ಲಿ ಕಟ್ಟಿಗೆ ಬೆಂಕಿಗೆ ಹಾಕುತ್ತಾರೆ. ಬಿಸಿಗೆ ಅಂಕೆಯಿಲ್ಲ. ಅತಿಯಾಗಿ ಕಾದರೆ ಕಬ್ಬಿಣದ ಹಾಳೆಗಳ ನಡುವಿನ ಲೇಪ ಸುಟ್ಟು, ಮೋಟರ್ ಖಾಲಿ ಓಡಿದರೂ ಬಿಸಿಯಾಗುತ್ತದೆ. ಎರಡು ಮೂರು ಸಲ ಕಟ್ಟಿಸಿದ ಮೋಟರು ಮೊದಲಿನಂತೆ ಬಾಳುವುದಿಲ್ಲ ಎಂಬ ರೈತರ ದೂರಿನ ಹಿಂದೆ ಇದೂ ಒಂದು ಕಾರಣ. ಗೋಡೆಯ ಚಿತ್ರದಲ್ಲಿ ಈ ನಮೂನೆ ಇಲ್ಲ.

ಫೋನಿನ ಬಗ್ಗೆ ಹೇಳದಿದ್ದರೆ ಒಳ್ಳೆಯದು. ಮಾಲೀಕರ ಬದಲು ಬೇರೆಯವರು ಎತ್ತಿದರೆ "ಹೇಳ್ರಿ" ಎಂಬ ಒಂದು ಶಬ್ದ, ಹಿಂದೆ ಗ್ರೈಂಡರ್. ಬೆಂಚಿನ ಮೇಲೆ ಗಳಿಸಿದ್ದನ್ನು ಫೋನಿನಲ್ಲಿ ಕಳೆಯುತ್ತಾರೆ.

ಐದಕ್ಕೆ ಅಂಕ ಕೊಡುವುದಾದರೆ ಮಾತಿಗೆ ನಾಲ್ಕೂವರೆ, ವೈಂಡಿಂಗಿಗೆ ಮೂರೂವರೆ, ಹುಡುಗರನ್ನು ನಡೆಸಿಕೊಳ್ಳುವುದಕ್ಕೆ ಒಂದೂವರೆ, ಫೋನಿಗೆ ಒಂದು.

ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ. ಮಧ್ಯಾಹ್ನದ ಬಿಸಿಲಿಗೆ ಬಂದವರ ಸರದಿ ಉದ್ದ, ಎಲ್ಲರ ತಲೆಯೂ ಕಾದಿರುತ್ತದೆ. ಮೋಟರ್ ಜೊತೆ ಸ್ಟಾರ್ಟರ್, ಹಳೇ ಚೀಟಿ, ಫ್ಲಾಂಜಿನ ಫೋಟೋ. ಸ್ಟಾರ್ಟರ್ ಬಿಚ್ಚುವ ಮೊದಲು ಆಟೋ ಸ್ವಿಚ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಒಂದೊಂದು ಫೇಸಿಗೂ ಟೆಸ್ಟರ್ ಹಚ್ಚಿ ನೋಡಿ. ರಿಲೇ ಎಷ್ಟಕ್ಕೆ ಇತ್ತೋ ಹಾಗೆಯೇ ತನ್ನಿ, ದಾರಿಯಲ್ಲಿ ತಿರುಗಿಸಿ ಸರಿ ಮಾಡಬೇಡಿ. ಅಲ್ಲಿ ಯಾರೂ ಬೈಯುವುದಿಲ್ಲ.